ಇಂಜಿನ್ ಕೋಣೆಯ ಒದ್ದೆ ಗೋಣಿ

ಆ ದಿನಗಳಲ್ಲಿ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಂತರೆ ತೊಟ್ಟಿಲ ಮಕ್ಕಳಿಗೂ ಎಚ್ಚರವಾಗುತ್ತಿತ್ತು. ಹೀಗೆ ಬರೆಯುವಾಗಲೇ ಅನುಮಾನ ಬರುತ್ತದೆ. ನಿಜವಾಗಿಯೂ ಎಚ್ಚರವಾಗುತ್ತಿತ್ತೇ, ಅಥವಾ ಅಜ್ಜಿ ಹೇಳುತ್ತಿದ್ದ ಮಾತನ್ನು ನನ್ನ ನೆನಪೆಂದು ಇಟ್ಟುಕೊಂಡಿದ್ದೇನೆಯೇ? ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಬೇಸಿಗೆಯಲ್ಲಿ ನನಗೆ ಒಂಬತ್ತು ವರ್ಷ ಎಂದು ನನ್ನ ಲೆಕ್ಕ, ಅಮ್ಮ ಹತ್ತು ಎನ್ನುತ್ತಾಳೆ. ಕಿಟಕಿಗೆ ಕಟ್ಟಿದ್ದ ಗೋಣಿ ಎರಡು ಎಂದು ನನ್ನ ನೆನಪು, ಅಪ್ಪ ಒಂದೇ ಎನ್ನುತ್ತಾನೆ. ಬಕೆಟ್ಟಿನ ಬಣ್ಣ ಯಾರಿಗೂ ನೆನಪಿಲ್ಲ. ನನಗೆ ಮಾತ್ರ ಅದು ನೀಲಿ.

ಮನೆಯ ಹಿಂದೆ ತಗಡಿನ ಸೂರಿನ ಒಂದು ಕೊಟ್ಟಿಗೆ, ಅದರಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ. ಎರಡನ್ನು ಅಪ್ಪ ನೋಡಿಕೊಳ್ಳುತ್ತಿದ್ದ, ಎರಡನ್ನು ಚಿಕ್ಕಪ್ಪ. ಅಮ್ಮ ಮತ್ತು ಅಜ್ಜಿ ಗೋಡೆಗೊರಗಿ ಕೂತು, ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ರೇಷ್ಮೆ ಸುತ್ತುತ್ತಿದ್ದರು. ಕೊಟ್ಟಿಗೆಗೆ ಅಂಟಿಕೊಂಡಂತೆ, ಹಿಂದಿನ ಓಣಿಯ ಕಡೆಗೆ, ಹಂದಿಗೂಡಿನಷ್ಟು ಚಿಕ್ಕ ಕೋಣೆಯೊಂದಿತ್ತು. ಅದೇ ಇಂಜಿನ್ ಕೋಣೆ. ಬೇಸಿಗೆಯಲ್ಲಿ ದಿನಾ ಹನ್ನೊಂದಕ್ಕೆ ಕರೆಂಟು ಹೋದರೆ ಬರುವುದು ನಾಲ್ಕಕ್ಕೆ. ಅಷ್ಟು ಹೊತ್ತು ಮಗ್ಗಗಳನ್ನು ಓಡಿಸುತ್ತಿದ್ದದ್ದು ಅಲ್ಲಿದ್ದ ಹಳೆಯ ಡೀಸೆಲ್ ಇಂಜಿನ್. ಇಂಜಿನ್ನಿನ ದೊಡ್ಡ ಚಕ್ರದಿಂದ ಡೈನಮೋಗೆ ಒಂದು ಅಗಲವಾದ ಬೆಲ್ಟು. ಡೈನಮೋದಿಂದ ಮಗ್ಗಗಳಿಗೆ ಕರೆಂಟು.

ಆ ಇಂಜಿನ್ ಮೊದಲು ನಂದಗುಡಿ ಕಡೆಯ ತೋಟವೊಂದರಲ್ಲಿ ನೀರೆತ್ತುತ್ತಿತ್ತು. ತೋಟದವರು ಕರೆಂಟಿನ ಮೋಟಾರು ಹಾಕಿಸಿಕೊಂಡು ಇದನ್ನು ಮಾರಿದರು. ಅದರ ಸ್ವಭಾವ ಗೊತ್ತಿದ್ದದ್ದು ಚಿಕ್ಕಪ್ಪನಿಗೆ ಮಾತ್ರ. ಚಳಿಗಾಲದ ಬೆಳಿಗ್ಗೆ ಅದು ಏಳುತ್ತಲೇ ಇರಲಿಲ್ಲ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಅಪ್ಪನ ರಟ್ಟೆ ಸೋತ ಮೇಲೆ ಚಿಕ್ಕಪ್ಪ ಕಡ್ಡಿಗೆ ಬಟ್ಟೆ ಸುತ್ತಿ, ಡೀಸೆಲ್ಲಿನಲ್ಲಿ ಅದ್ದಿ, ಹಚ್ಚಿ, ಇಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರ ಹಿಡಿಯುತ್ತಿದ್ದ. ಬೆಂಕಿಯ ಬಿಸಿಗಾಳಿಯನ್ನು ಒಳಗೆಳೆದುಕೊಂಡು ಅದು ಕೆಮ್ಮಿ, ಬಿಳಿ ಹೊಗೆ ಉಗುಳಿ, ಏಳುತ್ತಿತ್ತು. ಬೇಸಿಗೆಯಲ್ಲಿ ಇದು ತಿರುಗುಮುರುಗು. ಅರ್ಧ ಸುತ್ತಿಗೇ ಎದ್ದುಬಿಡುತ್ತಿತ್ತು, ಆದರೆ ಮಧ್ಯಾಹ್ನವಾಗುತ್ತಿದ್ದಂತೆ ಉಸಿರುಗಟ್ಟಿದವರ ಹಾಗೆ ಗೊರಗುಟ್ಟಿ ಕರಿ ಹೊಗೆ ಬಿಡುತ್ತಿತ್ತು.

“ಚಳೀಲಿ ಏಳಕ್ಕೆ ಸೋಮಾರಿ, ಎದ್ದಮೇಲೆ ಗೂಳಿ. ಬೇಸಿಗೇಲಿ ಕರೆದ ತಕ್ಷಣ ಏಳ್ತದೆ, ಕೆಲಸಕ್ಕೆ ಬರಲ್ಲ. ಥೇಟ್ ನಿಮ್ಮ ತಮ್ಮನ ಥರ ಅತ್ತಿಗೆ,” ಎಂದು ಚಿಕ್ಕಪ್ಪ ಅಮ್ಮನನ್ನು ರೇಗಿಸುತ್ತಿದ್ದ.

“ನಮ್ಮ ತಮ್ಮನ ಸುದ್ದಿ ಯಾಕೆ ಈಗ? ಮದುವೆ ಆಗಿ ಬರೋಳು ನಿನ್ನ ಎಬ್ಬಿಸ್ತಾಳೆ, ನೋಡ್ತಿರು, ಬೆಂಕಿ ತೋರಿಸೇ ಎಬ್ಬಿಸ್ತಾಳೆ,” ಎನ್ನುತ್ತಿದ್ದಳು ಅಮ್ಮ.

ಚಿಕ್ಕಪ್ಪನ ಮದುವೆ ಆ ವರ್ಷ ವೈಶಾಖದಲ್ಲಿ ಗೊತ್ತಾಗಿತ್ತು. ಹುಡುಗಿ ನೆಲಮಂಗಲದ ಹತ್ತಿರದ ಅರಿಶಿನಕುಂಟೆಯವಳು. ನಮ್ಮ ಮನೆಯಲ್ಲಿ ಮುಹೂರ್ತದ ಸೀರೆಯನ್ನು ಅಂಗಡಿಯಿಂದ ತರುವ ಪದ್ಧತಿ ಇಲ್ಲ. ಮದುವಣಿಗ ತನ್ನ ಮಗ್ಗದಲ್ಲಿ ತಾನೇ ನೇಯಬೇಕು. ಅದರಲ್ಲಿ ಗೆರೆ ಬೀಳಬಾರದು ಎಂದು ಅಜ್ಜಿಯ ಕಟ್ಟಪ್ಪಣೆ. ಗೆರೆ ಎಂದರೆ ಇಷ್ಟೇ: ನೇಕಾರ ಕೈಯಾರೆ ಮಗ್ಗ ನಿಲ್ಲಿಸಿದರೆ ತೊಂದರೆಯಿಲ್ಲ. ಕರೆಂಟು ಸತ್ತು ಮಗ್ಗ ತಾನಾಗಿ ಸುಸ್ತಾಗಿ ನಿಂತರೆ ಕೊನೆಯ ಕೆಲವು ಎಳೆಗಳಿಗೆ ಸರಿಯಾದ ಹೊಡೆತ ಬೀಳುವುದಿಲ್ಲ. ಬಟ್ಟೆಗೆ ಅಡ್ಡಲಾಗಿ ಒಂದು ತೆಳು ಗೀಟು ಉಳಿದುಬಿಡುತ್ತದೆ. ಎಷ್ಟು ಒಗೆದರೂ, ಎಷ್ಟು ಇಸ್ತ್ರಿ ಹಾಕಿದರೂ ಹೋಗದು.

ಚಿಕ್ಕಪ್ಪ ಆ ಸೀರೆಯನ್ನು ಇಂಜಿನ್ ಓಡುವ ಹೊತ್ತಿನಲ್ಲೇ ನೇಯುತ್ತೇನೆಂದು ಹಟ ಹಿಡಿದದ್ದು ಇದಕ್ಕೇ. “ಕರೆಂಟು ಹೇಳ್ದೆ ಕೇಳ್ದೆ ಹೋಗ್ತದೆ ಅಣ್ಣ. ಇಂಜಿನ್ನು ಹಂಗಲ್ಲ. ನಾವು ನಿಲ್ಸೋವರ್ಗೂ ನಿಲ್ಲಲ್ಲ.”

“ಇದಾ? ನಾಕು ಮಗ್ಗಾನೂ ಎಳಿಯಕ್ಕಾಗ್ದೆ ನರಳ್ತಾ ಐತೆ. ಮಾರಿದೋನು ನಮಗೆ ಟೋಪಿ ಹಾಕ್ಬಿಟ್ಟ ಕಣೋ.”

“ಟೋಪಿ ಅಲ್ಲ. ಚಳೀಲಿ ಎಳೀತದಲ್ಲ ಮತ್ತೆ? ಅದೇ ಇಂಜಿನ್ನು, ಅದೇ ಡೀಸೆಲ್ಲು. ಮಧ್ಯಾಹ್ನ ಅದು ಕುಡಿಯೋ ಗಾಳಿ ಕೆಟ್ಟೋಗಿರ್ತದೆ.”

“ಗಾಳಿ ಕೆಡಕ್ಕೆ ಅದೇನು ಹಾಲೇನೋ?” ಎಂದು ಅಪ್ಪ ನಕ್ಕ.

ಚಿಕ್ಕಪ್ಪ ನನ್ನನ್ನು ಕರೆದ. “ಸವೀ, ಬಾರೆ ಇಲ್ಲಿ. ಈ ಬೇವಿನ ಮರದ ಕೆಳಗೆ ನಿಂತ್ಕೊಂಡು ಉಸಿರು ಎಳ್ಕೊ. ಎಳ್ಕೊಂಡ್ಯಾ? ಈಗ ಹೋಗಿ ಒಲೆ ಮುಂದೆ ಕೂತ್ಕೊಂಡು ಎಳ್ಕೊ. ಯಾವುದ್ರಲ್ಲಿ ಹೊಟ್ಟೆ ತುಂಬ್ತು ಹೇಳು.”

ನಾನು ಎರಡು ಸಲ ಓಡಾಡಿ, ಮರದ ಕೆಳಗಿನದು ಎಂದೆ.

“ನೋಡ್ದ್ಯಾ ಅಣ್ಣ? ಮಗೂಗೆ ಗೊತ್ತಾಯ್ತು.”

ಏಳನೇ ತರಗತಿಗೆ ಓದು ಬಿಟ್ಟವನು ಅವನು. ಆಮೇಲೆ ನಾನು ಭೌತಶಾಸ್ತ್ರ ಓದಿದೆ. ಚಿಕ್ಕಪ್ಪನಿಂದಲೇ ಆ ವಿಷಯ ತೆಗೆದುಕೊಂಡೆ ಎಂದು ಹೇಳಿಕೊಳ್ಳಲು ಚೆನ್ನಾಗಿರುತ್ತದೆ. ನಿಜವಾಗಿ, ಬಂದ ಅಂಕಕ್ಕೆ ಸಿಕ್ಕಿದ ಸೀಟು ಅದು. ಆದರೆ ಅವನು ಹೇಳಿದ್ದು ಸರಿಯಾಗಿತ್ತು. ಗಾಳಿ ಬಿಸಿಯಾದರೆ ಹಿಗ್ಗಿ ತೆಳುವಾಗುತ್ತದೆ. ಇಂಜಿನ್ನು ಪ್ರತಿ ಸಲವೂ ಅಷ್ಟೇ ಜಾಗದ ತುಂಬ ಗಾಳಿ ಎಳೆದುಕೊಂಡರೂ ಅದರಲ್ಲಿ ಉರಿಯಲು ಬೇಕಾದ ಆಮ್ಲಜನಕ ಕಡಿಮೆ. ಡೀಸೆಲ್ ಪೂರ್ತಿ ಉರಿಯದೆ ಕರಿ ಹೊಗೆಯಾಗುತ್ತದೆ, ಎಳೆಯುವ ಶಕ್ತಿ ಇಳಿಯುತ್ತದೆ. ಆ ಕೋಣೆಯ ತಗಡು ಮಧ್ಯಾಹ್ನ ಕಾವಲಿಯಂತೆ ಕಾಯುತ್ತಿತ್ತು, ಇಂಜಿನ್ನಿನ ಮೈ ಬಿಸಿಯೂ ಅದಕ್ಕೆ ಸೇರುತ್ತಿತ್ತು. ಅದು ತಾನು ಬಿಟ್ಟ ಬಿಸಿಯನ್ನು ತಾನೇ ಕುಡಿಯುತ್ತಿತ್ತು.

ಚಿಕ್ಕಪ್ಪ ಮಾಡಿದ ಉಪಾಯ ಹೀಗಿತ್ತು. ಇಂಜಿನ್ನಿನ ಗಾಳಿಬಾಯಿಗೆ ಒಂದು ಹಳೆಯ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಓಣಿಯ ಕಡೆಯ ಕಿಟಕಿಗೆ ತಂದಿಟ್ಟ. ಕಿಟಕಿಗೆ ಹೊರಗಿನಿಂದ ಗೋಣಿ ಕಟ್ಟಿದ. ಗೋಣಿಯನ್ನು ಒದ್ದೆಯಾಗಿಟ್ಟರೆ ಅದರ ಮೂಲಕ ಬರುವ ಗಾಳಿ ತಂಪಾಗುತ್ತದೆ. ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಗೋಣಿಗೆ ನೀರು ಎರಚುವ ಕೆಲಸ ನನ್ನದು. ಒಂದು ಬಕೆಟ್ಟು, ಒಂದು ಚೊಂಬು, ಬೇವಿನ ಮರದ ನೆರಳು.

“ಸಂಬಳ ಎಷ್ಟಮ್ಮ ತಮ್ಮದು?” ಎಂದು ಚಿಕ್ಕಪ್ಪ ಕೇಳಿದ.

“ಐಸ್ ಕ್ಯಾಂಡಿ.”

“ವಾರಕ್ಕೊಂದು?”

“ದಿನಾ.”

“ಅಯ್ಯಪ್ಪಾ! ಸರಿ. ಆದ್ರೆ ಗೋಣಿ ಒಣಗಬಾರ್ದು. ಮುಟ್ಟಿ ನೋಡ್ತೀನಿ.”

ಅವನು ಮುಟ್ಟಿ ನೋಡುತ್ತಿದ್ದ. ಇಂಜಿನ್ ಕೋಣೆಗೆ ಬಂದಾಗಲೆಲ್ಲ ಒಳಗಿನಿಂದ ಬೆರಳು ತೂರಿಸಿ ಗೋಣಿಯನ್ನು ಒತ್ತುತ್ತಿದ್ದ. ಹೊರಗೆ ನಿಂತ ನನಗೆ ಕಾಣುತ್ತಿದ್ದದ್ದು ಗೋಣಿಯಲ್ಲಿ ಏಳುತ್ತಿದ್ದ ಎರಡು ಉಬ್ಬು. ನಾನು ಹೊರಗಿನಿಂದ ಆ ಉಬ್ಬನ್ನು ಹಿಡಿದುಕೊಳ್ಳಲು ಹೋಗುತ್ತಿದ್ದೆ, ಅವನು ಸರಕ್ಕನೆ ಎಳೆದುಕೊಂಡು ಇನ್ನೊಂದು ಕಡೆ ಒತ್ತುತ್ತಿದ್ದ. ಇದು ನಮ್ಮ ಆಟ. ನಾನು ಗೆದ್ದ ನೆನಪಿಲ್ಲ.

ಆ ದಿನಗಳ ವಾಸನೆ ಈಗಲೂ ಮೂಗಿನಲ್ಲಿದೆ ಎಂದರೆ ಅದೂ ಬರೆಯುವವರ ಅಭ್ಯಾಸದ ಮಾತೇ ಇರಬಹುದು. ಆದರೂ ಬರೆಯುತ್ತೇನೆ: ಒದ್ದೆ ಗೋಣಿಯ ಮಣ್ಣು ಮಣ್ಣು ವಾಸನೆ, ಅದರ ಹಿಂದೆ ಡೀಸೆಲ್, ಅದರ ಮೇಲೆ ಬೇವಿನ ಹೂ. ಅಜ್ಜಿ ಉಪ್ಪು ಖಾರ ಹಚ್ಚಿ ಕೊಡುತ್ತಿದ್ದ ಮಾವಿನಕಾಯಿ ಹೋಳು. ಪಕ್ಕದ ಮನೆಯ ಗಿರಿಜೆ ಓಣಿಯ ನೆಲದಲ್ಲಿ ಕುಂಟೆಬಿಲ್ಲೆಗೆ ಗೀಚಿದ ಮನೆಗಳು. ನಾನು ಎರಡು ಮನೆ ಕುಂಟುವುದು, ಒಂದು ಚೊಂಬು ಎರಚುವುದು, ಮತ್ತೆ ಕುಂಟುವುದು. ನನ್ನ ನೀರಿಗೆ ಇಂಜಿನ್ನಿನ ದನಿ ತಿಳಿಯಾಗುತ್ತಿತ್ತು. ಗೋಣಿ ಒಣಗುತ್ತಿದ್ದಂತೆ ಗಂಟಲು ಕಟ್ಟಿದಂತಾಗುತ್ತಿತ್ತು. ಇದನ್ನು ನಾನು ನಿಜವಾಗಿಯೂ ಕೇಳಿಸಿಕೊಂಡೆನೋ, ಚಿಕ್ಕಪ್ಪ ಹೇಳಿದ್ದರಿಂದ ಕೇಳಿಸಿತೋ ತಿಳಿಯದು. ಅಷ್ಟು ದೊಡ್ಡ ಕಬ್ಬಿಣದ ಪ್ರಾಣಿ ನನ್ನ ಚೊಂಬನ್ನು ಕಾಯುತ್ತದೆ ಎಂಬ ಹೆಮ್ಮೆಯಂತೂ ನಿಜ.

ಸೀರೆ ಮುಗಿಯಲು ಒಂದು ಮೊಳ ಉಳಿದಿದ್ದ ದಿನ. ರಾಮನವಮಿ ಕಳೆದು ಎಷ್ಟೋ ದಿನವಾಗಿತ್ತು. ಬಿಸಿಲಿಗೆ ತಗಡು ಟಿಕ್ ಟಿಕ್ ಎನ್ನುತ್ತಿತ್ತು. ಮರದ ಎಲೆಯೂ ಅಲ್ಲಾಡುತ್ತಿರಲಿಲ್ಲ. ಚಿಕ್ಕಪ್ಪ ಮಗ್ಗದ ಹತ್ತಿರದಿಂದಲೇ ಕೂಗಿದ, “ಸವೀ, ಇವತ್ತು ಎರಡು ಕ್ಯಾಂಡಿ ಕಣೆ! ಸೆರಗು ಮುಗಿಸೇ ಏಳೋದು ನಾನು!”

ಬೀದಿಯ ತುದಿಯಲ್ಲಿ ಐಸ್ ಕ್ಯಾಂಡಿಯವನ ಗಂಟೆ ಕೇಳಿಸಿತು. ನಾನು ಓಡಿದೆ.

ಹೋಗುವ ಮುಂಚೆ ಗೋಣಿಗೆ ನೀರು ಹಾಕಿದೆನೆ? ಇಲ್ಲಿ ನನ್ನ ಬಳಿ ಎರಡು ಚಿತ್ರಗಳಿವೆ. ಒಂದರಲ್ಲಿ ನಾನು ಮೂರು ಚೊಂಬು ಎರಚಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಓಡುತ್ತೇನೆ. ಇನ್ನೊಂದರಲ್ಲಿ ಚೊಂಬು ಬಕೆಟ್ಟಿನಲ್ಲಿ ತೇಲುತ್ತಿದೆ, ನಾನು ಅದನ್ನು ನೋಡಿ, ಬಂದು ಹಾಕಿದರಾಯಿತು ಎಂದುಕೊಂಡು ಓಡುತ್ತೇನೆ. ಎರಡೂ ಅಷ್ಟೇ ಸ್ಪಷ್ಟ. ಎರಡರಲ್ಲೂ ಬಕೆಟ್ಟು ನೀಲಿ.

ಕ್ಯಾಂಡಿಯವನ ಸುತ್ತ ಮಕ್ಕಳ ಗುಂಪಿತ್ತು. ನನ್ನ ಸರದಿ ತಡವಾಯಿತು. ಕಿತ್ತಳೆ ಬಣ್ಣದ್ದು ಬೇಕೆಂದು ಹಟ ಮಾಡಿದೆ, ಅವನು ಡಬ್ಬದ ತಳ ಕೆದಕಿ ಕೊಟ್ಟ. ಎರಡು ಕ್ಯಾಂಡಿ, ಎರಡೂ ಕೈಯಲ್ಲಿ. ಕರಗದಂತೆ ಒಂದಾದ ಮೇಲೊಂದು ಚೀಪುತ್ತ ಬಂದೆ. ಓಣಿಗೆ ತಿರುಗಿದಾಗ ತಗಡಿನ ಮೇಲೆ ಕರಿ ಹೊಗೆ ದಪ್ಪಗೆ ಏಳುತ್ತಿತ್ತು. ಇಂಜಿನ್ನಿನ ದನಿ ನೆಲಕ್ಕೆ ಕುಸಿದಂತಿತ್ತು. ನಾನು ನಿಂತೆ. ಏನೋ ಪಟ್ಟೆಂದಿತು. ಆಮೇಲೆ ಇಂಜಿನ್ನು ಒಮ್ಮೆಲೇ ಹೊರೆ ಇಳಿಸಿದ ಎತ್ತಿನಂತೆ ಹಗುರಾಗಿ, ಹುಚ್ಚೆದ್ದು ಓಡತೊಡಗಿತು. ನಾಲ್ಕು ಮಗ್ಗಗಳೂ ನಿಂತವು.

ಚಿಕ್ಕಪ್ಪ ಕೂಗಲಿಲ್ಲ. ಕೂಗಿದ್ದು ಅಪ್ಪ.

ನಡೆದದ್ದನ್ನು ನಾನು ನೋಡಲಿಲ್ಲ, ಆಮೇಲೆ ಕೇಳಿದ್ದು. ಇಂಜಿನ್ನು ಏದುಸಿರು ಬಿಡತೊಡಗಿದಾಗ ಬೆಲ್ಟು ಜಾರತೊಡಗಿತು. ಮಗ್ಗಗಳು ಸೋಲುತ್ತಿದ್ದವು. ಇನ್ನೊಂದು ಗಳಿಗೆ ಬಿಟ್ಟರೆ ಸೀರೆಗೆ ಗೆರೆ. ಮೊದಲು ಮಗ್ಗವನ್ನು ಕೈಯಾರೆ ನಿಲ್ಲಿಸಿ, ಆಮೇಲೆ ಇಂಜಿನ್ ನಿಲ್ಲಿಸಿ, ಬೆಲ್ಟು ನೋಡಬೇಕಿತ್ತು. ಆದರೆ ಬೆಲ್ಟು ಜಾರಿದರೆ, ಓಡುತ್ತಿರುವ ಬೆಲ್ಟಿಗೇ ರಾಳದ ಉಂಡೆ ಉಜ್ಜಿ ಅಂಟು ಬರಿಸುವುದು ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಇದ್ದ ರೂಢಿ. ಅಪ್ಪನೂ ಮಾಡುತ್ತಿದ್ದ, ತಾತನೂ ಮಾಡುತ್ತಿದ್ದನಂತೆ. ಚಿಕ್ಕಪ್ಪ ರಾಳದ ಉಂಡೆ ಹಿಡಿದು ಒಳಗೆ ಓಡಿದ. ಬೆಲ್ಟು ಉಂಡೆಯ ಜೊತೆ ಬಲಗೈಯನ್ನೂ ಎಳೆದುಕೊಂಡು, ಚಕ್ರದಿಂದ ಕಳಚಿ ಬಿತ್ತು.

ನಾನು ನೋಡಿದ್ದು ಇಷ್ಟು: ಚಿಕ್ಕಪ್ಪ ಟವೆಲ್ಲಿನಲ್ಲಿ ಕೈ ಸುತ್ತಿಕೊಂಡು ಅಂಗಳ ದಾಟಿ ನಡೆದುಹೋದದ್ದು. ನಡೆಯುತ್ತಲೇ ಅಪ್ಪನಿಗೆ, “ಮಗ್ಗ ಮುಟ್ಬೇಡ ಅಣ್ಣ, ಎಳೆ ಹಂಗೇ ಇರ್ಲಿ,” ಅಂದದ್ದು. ಬೀದಿಯ ಗಂಡಸರೆಲ್ಲ ಆಟೋ ಆಟೋ ಎಂದು ಓಡಿದ್ದು.

ಎಲ್ಲರೂ ಮುಂಬಾಗಿಲಿಗೆ ಹೋದ ಮೇಲೆ ಹಿಂದಿನ ಓಣಿಯಲ್ಲಿ ನಾನೊಬ್ಬಳೇ. ಇಂಜಿನ್ನನ್ನು ಯಾರೋ ನಿಲ್ಲಿಸಿದ್ದರು. ಆಗ ನಾನು ಚೊಂಬು ತೆಗೆದುಕೊಂಡು ಗೋಣಿಗೆ ನೀರು ಎರಚತೊಡಗಿದೆ. ಇದು ಮಾತ್ರ ನೆನಪಿನ ಕೈಚಳಕವಲ್ಲ ಎಂದು ಬಲ್ಲೆ, ಯಾಕೆಂದರೆ ಕ್ಯಾಂಡಿಯ ಕಡ್ಡಿ ಇನ್ನೂ ಹಲ್ಲುಗಳ ನಡುವೆ ಇತ್ತು, ನಾಲಗೆಗೆ ಮರದ ರುಚಿ ಬರುತ್ತಿತ್ತು. ನಿಂತ ಇಂಜಿನ್ನಿಗೆ ನೀರು ಯಾತಕ್ಕೆ? ಬಕೆಟ್ಟು ಖಾಲಿಯಾಗುವವರೆಗೆ ಎರಚಿದೆ. ಗೋಣಿಯಿಂದ ನೀರು ಧಾರೆಯಾಗಿ ಇಳಿದು ಗಿರಿಜೆ ಗೀಚಿದ ಮನೆಗಳನ್ನೆಲ್ಲ ಅಳಿಸಿತು.

ಅಜ್ಜಿ ನನ್ನನ್ನು ಹುಡುಕಿಕೊಂಡು ಬಂದದ್ದು ಆಗ. ನನ್ನನ್ನು ತಬ್ಬಿಕೊಂಡಳು. ಸಂಜೆ ಬಂದವರಿಗೆಲ್ಲ ಹೇಳಿದಳು, “ನಮ್ಮ ಸವಿ, ಪಾಪ, ಅಂಥಾ ಹೊತ್ತಲ್ಲೂ ಗೋಣಿಗೆ ನೀರು ಹಾಕ್ತಾ ನಿಂತಿತ್ತು ಕಣ್ರಮ್ಮ. ಗೋಣಿ ತೊಟ್ಟಿಕ್ತಾ ಇತ್ತು, ನಾನೇ ನೋಡ್ದೆ. ಮಗೂದು ಏನೂ ತಪ್ಪಿಲ್ಲ. ಎಲ್ಲಾ ಆ ಬೆಲ್ಟಿಂದು.”

ನನ್ನ ತಪ್ಪು ಎಂದು ಯಾರೂ ಅಂದಿರಲಿಲ್ಲ. ಆದರೂ ಅಜ್ಜಿ ಅದನ್ನೇ ಹೇಳುತ್ತಿದ್ದಳು, ವರ್ಷಗಟ್ಟಲೆ ಹೇಳಿದಳು. ಹೊಗಳಿಕೆ ಅಷ್ಟು ಭಾರವಿರಬಲ್ಲದು ಎಂದು ನನಗೆ ಗೊತ್ತಾದದ್ದು ಆ ಬೇಸಿಗೆಯಲ್ಲಿ.

ಚಿಕ್ಕಪ್ಪನ ಬಲಗೈಯ ತೋರುಬೆರಳು, ನಡುಬೆರಳು ಹೋದವು. ಗೋಣಿಯನ್ನು ಒತ್ತುತ್ತಿದ್ದ ಎರಡು ಬೆರಳು.

ಹೆಣ್ಣಿನ ಕಡೆಯವರು ಸಂಬಂಧ ಬಿಡುತ್ತಾರೆಂದು ಮನೆಯಲ್ಲಿ ಎಲ್ಲರೂ ಒಳಗೊಳಗೇ ಸಿದ್ಧರಾಗಿದ್ದರು. ಅರಿಶಿನಕುಂಟೆಯಿಂದ ಹುಡುಗಿಯ ಸೋದರಮಾವ ಬಂದು ಜಗಲಿಯಲ್ಲಿ ಕೂತು, ಮಜ್ಜಿಗೆ ಕುಡಿದು, ಬಹಳ ಹೊತ್ತು ಗಂಟಲು ಸರಿಮಾಡಿಕೊಂಡು ಹೇಳಿದರು, “ನಮ್ಮ ಹುಡುಗಿ ಒಂದು ಮಾತು ಕೇಳ್ಕೊಂಡು ಬಾ ಅಂದವ್ಳೆ. ತಾಳಿಗೆ ಹಾಕೋದು ಮೂರು ಗಂಟು. ಅಷ್ಟಕ್ಕೆ ಇರೋ ಬೆರಳು ಸಾಕಾಗ್ತವಾ ಅಂತ.”

ಚಿಕ್ಕಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದು ಸಲ.

ಉಳಿದ ಒಂದು ಮೊಳವನ್ನು ಅಪ್ಪ ನೇಯ್ದ. ಮಗ್ಗ ನಿಂತ ಜಾಗದಲ್ಲಿ ಗೆರೆ ಬಿದ್ದಿತ್ತು. ಬೇರೆ ಸೀರೆ ನೇಯೋಣವೆಂದರೆ ಚಿಕ್ಕಮ್ಮ ಒಪ್ಪಲಿಲ್ಲ. ಅದನ್ನೇ ಉಟ್ಟು ಧಾರೆಗೆ ನಿಂತಳು.

ಮೂರು ಗಂಟು ಹಾಕಿದ ಕೈಗೆ ಮಗ್ಗದ ಗಂಟು ಬರಲಿಲ್ಲ. ರೇಷ್ಮೆಯ ಎಳೆ ಕಡಿದರೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಸೇರಿಸಬೇಕು. ಚಿಕ್ಕಪ್ಪ ಎಡಗೈಯಲ್ಲಿ ಕಲಿಯಲು ನೋಡಿದ. ಒಂದು ಮಗ್ಗದ ಎಳೆ ಸೇರಿಸುವಷ್ಟರಲ್ಲಿ ಇನ್ನೊಂದು ಮಗ್ಗದಲ್ಲಿ ಹತ್ತು ಎಳೆ ಕಡಿದಿರುತ್ತಿತ್ತು. ಎರಡು ಮಳೆಗಾಲ ಹೀಗೆ ನೋಡಿ, ಒಂದು ದಿನ ಏನೂ ಹೇಳದೆ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ. ಇವತ್ತಿಗೂ ಅಲ್ಲೇ ಇದ್ದಾನೆ. ಒಳಗೆ ಬರುವ ಲಾರಿಗಳ ಇಂಜಿನ್ ಸದ್ದು ಕೇಳಿ, ಡ್ರೈವರುಗಳಿಗೆ ಯಾವುದು ಕೆಟ್ಟಿದೆ ಎಂದು ಹೇಳುತ್ತಾನಂತೆ.

ಡಿಗ್ರಿಯ ಎರಡನೇ ವರ್ಷದಲ್ಲಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನಾನು ಒಂದು ಲೆಕ್ಕ ಮಾಡಿದೆ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ನೂರಕ್ಕೆ ಮೂರು ಪಾಲಿನಷ್ಟು ಇಳಿಯುತ್ತದೆ. ಒಂದು ಒದ್ದೆ ಗೋಣಿ ಎಷ್ಟು ತಂಪು ಮಾಡಬಲ್ಲದು? ಅಷ್ಟೇ, ಅಥವಾ ಅದಕ್ಕೂ ಕಡಿಮೆ. ಮೂವತ್ತರಲ್ಲಿ ಒಂದು ಪಾಲು ಶಕ್ತಿ ಕಡಿಮೆಯಾದರೆ ಬೆಲ್ಟು ಜಾರುತ್ತದೆಯೇ? ಬೆಲ್ಟು ಹಳೆಯದು, ಅಪ್ಪನೇ ಒಪ್ಪುತ್ತಾನೆ. ಲೆಕ್ಕ ನನ್ನನ್ನು ಬಿಡುಗಡೆ ಮಾಡಿತು. ಹಾಳೆಯನ್ನು ಹರಿದು ಇಟ್ಟುಕೊಂಡೆ. ಆದರೆ ಆ ಇಂಜಿನ್ನು ಮಧ್ಯಾಹ್ನದ ಹೊತ್ತು ತನ್ನ ಶಕ್ತಿಯ ಕಟ್ಟಕಡೆಯ ಅಂಚಿನಲ್ಲೇ ಓಡುತ್ತಿತ್ತು ಎಂಬುದನ್ನು ಲೆಕ್ಕದಲ್ಲಿ ಎಲ್ಲಿ ಸೇರಿಸುವುದು? ಅಂಚಿನಲ್ಲಿರುವವರಿಗೆ ಮೂವತ್ತರಲ್ಲಿ ಒಂದು ಪಾಲು ಎಂದರೆ ಎಷ್ಟು?

ಈಗ ಆ ಕೊಟ್ಟಿಗೆ ಇಲ್ಲ. ಮಗ್ಗಗಳನ್ನು ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದ, ಇಂಜಿನ್ನನ್ನೂ. ಜಾಗದಲ್ಲಿ ರಟ್ಟಿನ ಪೆಟ್ಟಿಗೆಗಳ ಗೋಡೌನು ಎದ್ದಿದೆ. ಬೇವಿನ ಮರ ಕಡಿದು ಬಹಳ ವರ್ಷವಾಯಿತು. ಕರೆಂಟು ಮೊದಲಿನಷ್ಟು ಹೋಗುವುದಿಲ್ಲ, ಹೋದರೂ ನಮ್ಮ ಬೀದಿಯಲ್ಲಿ ನಿಲ್ಲುವಂಥದ್ದು ಹೆಚ್ಚೇನಿಲ್ಲ. ಗಾಳಿಯನ್ನು ಮುಟ್ಟಿ, ಮೂಸಿ, ಇವತ್ತು ಇದು ಎಷ್ಟು ಎಳೆಯುತ್ತದೆ ಎಂದು ಹೇಳುವವರು ಅಲ್ಲಿ ಯಾರೂ ಉಳಿದಿಲ್ಲ. ಅಜ್ಜಿ ಹೋದಳು, ನನ್ನ ಪರವಾಗಿದ್ದ ಒಂದೇ ಸಾಕ್ಷಿ. ಅದೂ ಸುಳ್ಳು ಸಾಕ್ಷಿ ಇರಬಹುದು, ಅವಳಿಗೆ ಗೊತ್ತಿಲ್ಲದೆ. ಅವಳು ನೋಡಿದ್ದು ನಾನು ಆಮೇಲೆ ನೆನೆಸಿದ ಗೋಣಿಯನ್ನು.

ಈ ಸಲದ ರಾಮನವಮಿಗೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಚಿಕ್ಕಮ್ಮ ರೇಷ್ಮೆ ಸೀರೆಗಳನ್ನು ಗಾಳಿಗೆ ಹರವಿದ್ದಳು. ಆ ಸೀರೆಯೂ ಇತ್ತು. ಸೆರಗಿನ ಹತ್ತಿರದ ಗೆರೆಯ ಮೇಲೆ ಬೆರಳಾಡಿಸಿದೆ. ಮಗ್ಗ ಎಲ್ಲಿ ನಿಂತಿತೆಂದು ಅದು ಇಂದಿಗೂ ಕರಾರುವಾಕ್ಕಾಗಿ ತೋರಿಸುತ್ತದೆ. ಯಾಕೆ ನಿಂತಿತೆಂದು ಹೇಳುವುದಿಲ್ಲ.

“ಇನ್ನೂ ಅದನ್ನೇ ನೋಡ್ತೀಯಲ್ಲೇ,” ಎಂದು ಚಿಕ್ಕಮ್ಮ ನಕ್ಕು ಒಳಗೆ ಹೋದಳು.

ಚಿಕ್ಕಪ್ಪ ಜಗಲಿಯಲ್ಲಿ ಕೂತು ಬೇಲದ ಹಣ್ಣಿನ ಪಾನಕ ಕುಡಿಯುತ್ತಿದ್ದ, ಲೋಟ ಎಡಗೈಯಲ್ಲಿ. ಅವತ್ತು ರಾಳದ ಉಂಡೆ ಹಿಡಿದು ಒಳಗೆ ಓಡಿದಾಗ, ದಿನವೂ ಮಾಡುವಂತೆ, ಬೆಲ್ಟಿಗಿಂತ ಮೊದಲು ಅವನು ಕಿಟಕಿಯನ್ನು ಮುಟ್ಟಿರಬೇಕು. ಗೊತ್ತಿರುವುದು ಅವನೊಬ್ಬನಿಗೇ. ಇಷ್ಟು ವರ್ಷ ಬಾಯಿಗೆ ಬಾರದ ಮಾತನ್ನು ನಾನು ಅವನ ಪಕ್ಕ ಕೂತು ಕೇಳಿದೆ. ಅವನು ನನ್ನ ಮುಖ ನೋಡಿದ. ಲೋಟದ ತಳದಲ್ಲಿ ಉಳಿದ ಬೆಲ್ಲವನ್ನು ಅಲ್ಲಾಡಿಸಿ ಕುಡಿದ. “ಬಿಸಿಲು ಏರ್ತಾ ಐತೆ, ಒಳಗ್ ಬಾ,” ಎಂದು ಎದ್ದುಹೋದ. ಆಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಆ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಕೇಳಿದ್ದು ಇಷ್ಟೇ:

“ಚಿಕ್ಕಪ್ಪ, ಅವತ್ತು ನೀನು ಮುಟ್ಟಿದಾಗ ಗೋಣಿ ಒಣಗಿತ್ತಾ?”